ಪುಟ್ಟಿಗೆ, ಚಂದದ ಲೆಕ್ಕದ ಬಗ್ಗೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಚಂದದ್ದನ್ನು ಕಂಡಾಗ ಮಿದುಳಲ್ಲಿ ಏನಾಗುತ್ತದೆ ಅನ್ನುವುದರ ಮೇಲೆ ನಿನ್ನ ಸಂಶೋಧನೆ ಶುರುವಾಯಿತು ಅಂತ ನಿಮ್ಮಮ್ಮ ಹೇಳಿದಳು. ಅದರಿಂದ ಏನು ಉಪಯೋಗ ಅಂತ ಕೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಕೇಳಲ್ಲ. ಆದರೆ ಮೂವತ್ತು ವರ್ಷ ಗಣಿತ ಪಾಠ ಮಾಡಿದವನು, ಒಂದೆರಡು ಮಾತು ಹೇಳದೆ ಇರಲಾರೆ.

ನೀನು ಕಳಿಸಿದ ಲೇಖನಗಳಲ್ಲಿ 2014ರದ್ದು ನನ್ನ ನಿದ್ದೆ ಕೆಡಿಸಿತು. ಲಂಡನ್ನಿನ ಮಿದುಳು ವಿಜ್ಞಾನಿ ಸೆಮಿರ್ ಝೆಕಿ ಮತ್ತು ಸಂಗಡಿಗರದ್ದು. 15 ಗಣಿತಜ್ಞರಿಗೆ 60 ಸೂತ್ರ ಕೊಟ್ಟು ಚಂದಕ್ಕೆ ಅಂಕ ಹಾಕಿಸಿದರು, ಮೈನಸ್ 5ರಿಂದ ಪ್ಲಸ್ 5ರವರೆಗೆ. ಆಮೇಲೆ ಮಿದುಳಿನ ಚಟುವಟಿಕೆ ನೋಡುವ ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿಸಿ ಅವೇ ಸೂತ್ರ ತೋರಿಸಿದರು. ಚಂದ ಅನ್ನಿಸಿದಷ್ಟೂ ಹಣೆಯ ಹಿಂದೆ, ಕಣ್ಣುಗುಳಿಗಳ ಮೇಲಿರುವ ಮಿದುಳಿನ ಒಂದು ಜಾಗ ಚುರುಕಾಯಿತು. ಚಿತ್ರಕ್ಕೂ ಸಂಗೀತಕ್ಕೂ ಅದೇ ಜಾಗ ಅಂತ ಝೆಕಿ 2011ರಲ್ಲೇ ತೋರಿಸಿದ್ದರು. ಗಣಿತಜ್ಞ ಆಯ್ಲರನ ಹೆಸರಾಂತ ಸೂತ್ರಕ್ಕೆ ಒಳ್ಳೆ ಅಂಕ ಬಂತು. ಸರಿಯಪ್ಪ. ಕೊಳಕು ಅನ್ನಿಸಿಕೊಂಡದ್ದು ಯಾವುದು? ಪೈಗೆ ರಾಮಾನುಜನ್ ಬರೆದ ಅನಂತ ಶ್ರೇಣಿ, ಅಂದರೆ ಮುಗಿಯದೆ ಕೂಡುತ್ತಾ ಹೋಗುವ ಪದಗಳ ಸಾಲು!

ಸಿಟ್ಟು ಬಂತು. ಹಾಳೆ ತೆಗೆದು ಸೂತ್ರ ಬರೆದೆ. 9801, 1103, 26390, 396. ನಿಜ ಹೇಳಬೇಕು ಅಂದರೆ ನೋಡೋಕೆ ಕೊಳಕೇ. ಯಾರೋ ಅವಸರದಲ್ಲಿ ಗೀಚಿಕೊಂಡ ಫೋನ್ ನಂಬರುಗಳ ಹಾಗಿದೆ. ಸುಮ್ನೆ ಇರಲಾರದೆ ಕ್ಯಾಲ್ಕುಲೇಟರ್ ತೆಗೆದು ಮೊದಲ ಪದ ಒಂದನ್ನೇ ಹಾಕಿದೆ. 9801ನ್ನು 1103ರಿಂದ ಭಾಗಿಸಿದೆ, ಬಂದದ್ದನ್ನು ಎರಡರ ವರ್ಗಮೂಲದ ಎರಡರಷ್ಟರಿಂದ ಮತ್ತೆ ಭಾಗಿಸಿದೆ. 3.14159273 ಬಂತು. ಒಂದೇ ಪದಕ್ಕೆ ಪೈಯ ಆರು ದಶಮಾಂಶ ಸ್ಥಾನ ಸರಿ! ಮುಂದಿನ ಒಂದೊಂದು ಪದಕ್ಕೂ ಸುಮಾರು ಎಂಟೆಂಟು ಅಂಕಿ ಸಿಗುತ್ತಾ ಹೋಗುತ್ತದೆ. ಮೈ ಜುಮ್ಮೆಂದಿತು, ಪುಟ್ಟಿ. ಹಾಳೆಯ ಮೇಲಿನ ಒಂದು ಗೆರೆಯೂ ಬದಲಾಗಿರಲಿಲ್ಲ. ಹತ್ತು ನಿಮಿಷದ ಹಿಂದೆ ಕೊಳಕಾಗಿದ್ದದ್ದು ಈಗ ಚಂದ.

ಝೆಕಿ ತಂಡದವರು ಸೂತ್ರ ಎಷ್ಟು ಅರ್ಥವಾಯಿತು ಅಂತಲೂ ಕೇಳಿದ್ದರು. ಅದು ಜಾಣತನ. ನೀನು ಇನ್ನೂ ಜಾಸ್ತಿ ಕೇಳು. ಇದನ್ನು ಮೊದಲು ಎಲ್ಲಿ ನೋಡಿದ್ದಿರಿ, ಯಾರ ಜೊತೆ, ಇದರ ಬಗ್ಗೆ ಏನು ಗೊತ್ತು. ಅಂಕದ ಪಕ್ಕದಲ್ಲೇ ಬರೆದಿಡು. ಬೇಸರದ ಕೆಲಸ, ಗೊತ್ತು.

ಮಿದುಳಿನ ಆ ಜಾಗಕ್ಕೆ ದಯವಿಟ್ಟು 'ಸೌಂದರ್ಯ ಕೇಂದ್ರ' ಅಂತ ಹೆಸರಿಡಬೇಡ. ಬಾಯಿಗೆ ರುಚಿ ಹತ್ತಿದರೂ, ಆಟದಲ್ಲಿ ದುಡ್ಡು ಗೆದ್ದರೂ ಅದು ಚುರುಕಾಗುತ್ತದೆ. ಕಿಟಕಿಯಲ್ಲಿ ದೀಪ ಕಂಡ ಮಾತ್ರಕ್ಕೆ ಒಳಗೆ ಯಾರೋ ಓದುತ್ತಿದ್ದಾರೆ ಅನ್ನೋಕಾಗುತ್ತಾ? ಅಸಲಿಗೆ ಅಲ್ಲಿ ದೀಪವೂ ಇಲ್ಲ. ಯಂತ್ರ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಏರುಪೇರನ್ನು. ಆ ಏರು ಕಾಣಿಸುವಷ್ಟರಲ್ಲಿ ಐದಾರು ಸೆಕೆಂಡು ಕಳೆದಿರುತ್ತದೆ. ಮಿದುಳಿನ ಚಿತ್ರದ ಮೇಲೆ ಬಣ್ಣದ ಚುಕ್ಕೆ ಹಚ್ಚುವವರು ನೀವು.

ಇನ್ನೊಂದು. ನಾನೂ ಬೆನ್ನುನೋವಿಗೆ ಅಂಥ ಯಂತ್ರದೊಳಗೆ ಮಲಗಿ ಬಂದವನು. ಕಿವಿ ಮುಚ್ಚಿದ್ದರೂ ಗೋಡೆ ಕೊರೆದಂಥ ಸದ್ದು. ಮೂಗು ತುರಿಸಿದರೆ ಕೈ ಎತ್ತುವ ಹಾಗಿಲ್ಲ. ಆ ಹೊತ್ತಲ್ಲಿ ಯಾರಾದರೂ ವರ್ಣಚಿತ್ರ ತೋರಿಸಿ ಹೇಗಿದೆ ಅಂದಿದ್ದರೆ ಬೈದುಬಿಡುತ್ತಿದ್ದೆ. ಬೇರೆಯವರನ್ನು ಮಲಗಿಸುವ ಮುಂಚೆ ನೀನೊಮ್ಮೆ ಮಲಗಿ ನೋಡು.

ಸರಾಸರಿಯ ವಿಷಯಕ್ಕೆ ಬರುತ್ತೇನೆ. 2012ರಲ್ಲಿ ಅಮೆರಿಕದಲ್ಲಿ 16 ಜನಕ್ಕೆ 109 ವರ್ಣಚಿತ್ರ ತೋರಿಸಿದರಲ್ಲ, ಯಾವುದು ಮನಸ್ಸು ತಟ್ಟಿತು ಅನ್ನುವುದರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಷ್ಟೇನೂ ತಾಳೆ ಇಲ್ಲ. ಆದರೆ ಅವರವರಿಗೆ ತುಂಬಾ ತಟ್ಟಿದ ಚಿತ್ರ ಬಂದಾಗ, ನಮ್ಮ ಬಗ್ಗೆ ನಾವೇ ಯೋಚಿಸುವಾಗ ಕೆಲಸ ಮಾಡುವ ಜಾಲ ಎಚ್ಚೆತ್ತಿತು. ಪ್ರತಿ ಚಿತ್ರಕ್ಕೂ ಎಲ್ಲರ ಅಂಕ ಕೂಡಿಸಿ ಹದಿನಾರರಿಂದ ಭಾಗಿಸಿಬಿಟ್ಟಿದ್ದರೆ ಇದು ಕೈಗೆ ಸಿಗುತ್ತಿತ್ತಾ? ನೀನೂ ಒಬ್ಬೊಬ್ಬರ ಸಾಲನ್ನು ಮೊದಲು ಬಿಡಿಬಿಡಿಯಾಗಿ ನೋಡು. ಗುಂಪಿಗೆ ಸೇರದವನನ್ನು ತಪ್ಪು ಅಂತ ಹೊಡೆದು ಹಾಕಬೇಡ.

ಮುಂದಿನ ಸಲ ಬರುವಾಗ ನಿನ್ನ ಚಿತ್ರಗಳ ಪಟ್ಟಿ ತಾ. ನಾನೂ ಅಂಕ ಹಾಕುತ್ತೇನೆ, ನಿಮ್ಮತ್ತೆಯೂ ಹಾಕಲಿ. ನಲವತ್ತು ವರ್ಷದಲ್ಲಿ ಒಂದು ಪರದೆಯ ಬಣ್ಣಕ್ಕೂ ನಾವಿಬ್ಬರು ಒಪ್ಪಿದವರಲ್ಲ.

ನಿನ್ನ,
ಮಾವ