ಸಿಎಸ್‌ಐ ಇತಿಹಾಸದಲ್ಲಿ ಬಿಷಪ್ ಅಜರಯ್ಯನವರ ಹೆಸರಿರಲಿ

ಮಾನ್ಯರೇ,

ದಕ್ಷಿಣ ಭಾರತದ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ಆದ ಕ್ರೈಸ್ತ ಸಭೆ (ಚರ್ಚ್) ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತೆಂದು ಎಲ್ಲರೂ ಬರೆಯುತ್ತಾರೆ. ತಾರೀಖು ಸರಿ. ಆದರೆ ಬ್ರಿಟಿಷರು ಹೋದರು, ಸಭೆಗಳು ಒಂದಾದವು ಎಂಬ ಅರ್ಥ ಬಂದರೆ ಅದು ತಪ್ಪು. ಅದರ ಹಿಂದೆ 28 ವರ್ಷಗಳ ಮಾತುಕತೆ ಇದೆ. ಮುಂದೆ ಯಾರೇ ಬರೆದರೂ ಡೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯನವರನ್ನು ಬಿಡಬಾರದು.

ಅವರು 1874ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈಯಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಸಭಾಪಾಲಕರು (ಪಾಸ್ಟರ್). ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ಕಾರ್ಯದರ್ಶಿಯಾಗಿದ್ದಾಗಲೇ, 1903ರಲ್ಲಿ, ಭಾರತೀಯರದೇ ಹಣ ಮತ್ತು ಭಾರತೀಯರೇ ಸೇವಕರು ಎಂಬ ನಿಯಮದ ಮಿಷನ್ ಕಟ್ಟಲು ನೆರವಾದರು. 1909ರಲ್ಲಿ ಸಭಾಪಾಲಕರಾಗಿ ಅಭಿಷೇಕ ಪಡೆದು, ನಿಜಾಮರ ಸೀಮೆಯ ಡೋರ್ನಕಲ್ಲಿಗೆ ಹೋದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಆಂಗ್ಲಿಕನ್ ಸಭೆಯ (ಇಂಗ್ಲೆಂಡಿನ ಸಭೆಯ ಪರಂಪರೆಯದು) ಮೊದಲ ಭಾರತೀಯ ಬಿಷಪ್ ಆದರು.

ತಮಿಳರಾದ ಅವರು ಕೆಲಸ ಮಾಡಿದ್ದು ತೆಲುಗಿನಲ್ಲಿ, ಹೆಚ್ಚಾಗಿ ಮಾಲ ಮತ್ತು ಮಾದಿಗ ಕೂಲಿಕಾರರ ನಡುವೆ. ದೀಕ್ಷಾಸ್ನಾನ ಪಡೆದವರಿಂದ ಅವರವರ ತಲೆಯ ಮೇಲೆಯೇ ಕೈಯಿಡಿಸಿ, ಸುವಾರ್ತೆ ಸಾರದಿದ್ದರೆ ನನಗೆ ಕೇಡು ಎಂದು ಹೇಳಿಸುತ್ತಿದ್ದರು. ಸುವಾರ್ತೆ ಸಾರುವುದು ಸಂಬಳದ ಬೋಧಕನ ಕೆಲಸವಷ್ಟೇ ಅಲ್ಲವೆಂದು ಹೀಗೆ ರೂಢಿಯಾಯಿತು. 1935ರ ಹೊತ್ತಿಗೆ ಅವರ ಡಯೋಸಿಸ್‌ನಲ್ಲಿ (ಬಿಷಪರ ಆಡಳಿತಕ್ಕೆ ಸೇರಿದ ಪ್ರಾಂತದಲ್ಲಿ) ಸುಮಾರು 250 ಭಾರತೀಯ ಸಭಾಪಾಲಕರೂ 2000 ಹಳ್ಳಿ ಉಪಾಧ್ಯಾಯರೂ ಇದ್ದರು.

ಹಳ್ಳಿಯ ಸಣ್ಣ ಸಭೆಗಳು ಪಂಗಡಗಳಾಗಿ ಒಡೆದಿರುವುದೇ ಸೇವೆಗೆ ದೊಡ್ಡ ತೊಡಕೆಂದು ಅವರು ಕಂಡಿದ್ದರು. ಹಾಗಾಗಿ 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಮಂದಿ ಸಭಾಪಾಲಕರು ಐಕ್ಯದ ಮಾತುಕತೆಗೆ ಕೂಡಿದಾಗ ಅವರೂ ಮುಂದಾಳು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ವೇದಗ್ರಂಥ, ವಿಶ್ವಾಸಪ್ರಮಾಣ, ಸಂಸ್ಕಾರಗಳ ವಿಷಯದಲ್ಲಿ ಅಷ್ಟು ಜಗಳವಿರಲಿಲ್ಲ. ಗಂಟು ಬಿದ್ದದ್ದು ಬಿಷಪ್ ಪದವಿಯಲ್ಲಿ: ಆಂಗ್ಲಿಕನರಿಗೆ ಬಿಷಪರಿದ್ದರು, ಉಳಿದ ಸಭೆಗಳಿಗೆ ಇರಲಿಲ್ಲ. ಕೊನೆಗೆ ಒಪ್ಪಿದ್ದು ಹೀಗೆ: ಬಿಷಪ್ ಇರಬೇಕು, ಆದರೆ ಸಭೆಯ ಸಂವಿಧಾನಕ್ಕೆ ಒಳಪಟ್ಟು, ಮುಂದಿನ ಅಭಿಷೇಕಗಳೆಲ್ಲ ಬಿಷಪರಿಂದಲೇ, ಈಗಿರುವ ಸಭಾಪಾಲಕರಿಗೆ ಮತ್ತೆ ಅಭಿಷೇಕ ಬೇಡ. ಈ ಕೊನೆಯ ಅಂಶವನ್ನೇ ಇಂಗ್ಲೆಂಡಿನ ಹಲವರು ಬಲವಾಗಿ ವಿರೋಧಿಸಿದರು. ಅದನ್ನು ಕೈಬಿಟ್ಟಿದ್ದರೆ ಬಿಷಪರಿಲ್ಲದ ಸಭೆಗಳು ತಮ್ಮ ಸಭಾಪಾಲಕರ ಹಿಂದಿನ ಸೇವೆಯೆಲ್ಲ ಅಪೂರ್ಣವೆಂದು ತಾವೇ ಒಪ್ಪಿಕೊಂಡಂತಾಗುತ್ತಿತ್ತು.

ಇದು ಕನ್ನಡದ ಸಭೆಗಳಿಗೂ ನೇರವಾಗಿ ಸಂಬಂಧಿಸಿದ ಮಾತು. ಮೈಸೂರಿನ ವೆಸ್ಲಿಯನ್ ಮಿಷನ್, ಬಳ್ಳಾರಿಯ ಲಂಡನ್ ಮಿಷನ್, ಮಂಗಳೂರು ಮತ್ತು ಧಾರವಾಡದ ಬಾಸೆಲ್ ಮಿಷನ್, ಇವು ಯಾವುವೂ ಬಿಷಪರನ್ನು ಕಂಡವಲ್ಲ. ಇಂದು ಸಿಎಸ್‌ಐನ ಮೂರು ಕರ್ನಾಟಕ ಡಯೋಸಿಸ್‌ಗಳಲ್ಲಿ ಬಿಷಪರಿದ್ದಾರೆ, ಅವರ ಜೊತೆಗೆ ಚುನಾಯಿತ ಸಮಿತಿಗಳೂ ಇವೆ. ಎರಡೂ ಒಟ್ಟಿಗಿರುವುದು ಆ ಒಪ್ಪಂದದಿಂದಲೇ.

ಅಜರಯ್ಯ 1945ರ ಜನವರಿ 1ರಂದು ತೀರಿಕೊಂಡರು. ಭಾರತದ ಆಂಗ್ಲಿಕನ್ ಮಹಾಸಭೆ ಐಕ್ಯಕ್ಕೆ ಮತ ಹಾಕಿದ್ದು ಅದೇ ತಿಂಗಳಲ್ಲಿ.

— ಒಬ್ಬ ಓದುಗ, ಬೆಂಗಳೂರು