ಭೂಮಿಯ ಮಿಡಿತಕ್ಕೆ ಭಯದ ಬಣ್ಣ ಬೇಡ

ಮಾನ್ಯ ಸಂಪಾದಕರೇ,

‘ಭೂಮಿಯ ಕಂಪನ ಏರುತ್ತಿದೆ, ಅದಕ್ಕೇ ನಿದ್ದೆ ಬರುತ್ತಿಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಈ ವಾರ ನನ್ನ ಹಳೆಯ ವಿದ್ಯಾರ್ಥಿಗಳೇ ಮೂವರು ಕಳುಹಿಸಿದರು. ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದ ನನಗೆ ನೋವಾಯಿತು.

ಸಂದೇಶದಲ್ಲಿ ‘ಕಂಪನ’ ಎಂದಿರುವುದು ಶೂಮನ್ ಅನುರಣನ: ನೆಲಕ್ಕೂ ಅಯಾನುಗೋಳಕ್ಕೂ (ವಾಯುಮಂಡಲದ ಮೇಲಿನ, ವಿದ್ಯುದಾವೇಶವುಳ್ಳ ಪದರ) ನಡುವಿನ ಪೊಳ್ಳಿನಲ್ಲಿ ಜಗತ್ತಿನ ಮಿಂಚುಗಳೆಲ್ಲ ಸೇರಿ ಎಬ್ಬಿಸುವ ವಿದ್ಯುತ್ಕಾಂತೀಯ ಅಲೆಗಳ ಮಾರ್ದನಿ. ಜರ್ಮನಿಯ ಭೌತವಿಜ್ಞಾನಿ ಶೂಮನ್ ಇದನ್ನು 1952ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಮೂಲ ಆವೃತ್ತಿ ಸುಮಾರು 7.8 ಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು ಎಂಟು ಮಿಡಿತ; ಸ್ವಲ್ಪ ಆಚೀಚೆಯಾಗುತ್ತದೆ, ಅಷ್ಟೆ. ಅದರ ಕಾಂತಕ್ಷೇತ್ರ ಪಿಕೊಟೆಸ್ಲಾ ಮಟ್ಟದ್ದು, ಅಂದರೆ ತೀರಾ ಕ್ಷೀಣ. ವಿದ್ಯುತ್ ತಂತಿಗಳಿಂದ ದೂರದಲ್ಲಿ, ಅಲುಗಾಡದಂತೆ ಹೂತಿಟ್ಟ ತಾಮ್ರದ ಸುರುಳಿಗಳಿಂದ ಅದನ್ನು ಅಳೆಯುತ್ತಾರೆ. ಎಷ್ಟು ತಾಳ್ಮೆಯ ಕೆಲಸ!

ಇಂಥ ಸಂದೇಶಗಳು ಪುರಾವೆಯೆಂದು ತೋರಿಸುವ, ಈ ಅನುರಣನವನ್ನು ದಾಖಲಿಸುವ ರಷ್ಯಾದ ತೋಮ್ಸ್ಕ್ ಕೇಂದ್ರದ ನಕ್ಷೆಯಲ್ಲಿನ ಬಿಳಿ ಪಟ್ಟೆ ಹೇಳುವುದು ಸಂಕೇತದ ಪ್ರಾಬಲ್ಯವನ್ನು, ಆವೃತ್ತಿಯನ್ನಲ್ಲ. ಹತ್ತಿರದಲ್ಲೊಂದು ಸಿಡಿಲು ಬಡಿದರೂ ಅದು ಮೂಡೀತು. ಪತ್ರಿಕೆಯ ವಿಜ್ಞಾನ ಪುಟದಲ್ಲಿ ದಯವಿಟ್ಟು ಇದನ್ನು ಚಿತ್ರಸಹಿತ ವಿವರಿಸಿ.

– ನಿವೃತ್ತ ಉಪನ್ಯಾಸಕ, ಶಿರಸಿ