ದುಬೈನಲ್ಲೇ ಇದ್ದುಬಿಡ್ತೀನಿ ಅಂದ ಸೋದರಳಿಯನಿಗೆ

ಚಿ. ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದ.

ನಿಮ್ಮಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಬೆಂಗಳೂರಿನ ಬ್ಯಾಂಕಿನಿಂದ ಸಾಲದ ನೋಟಿಸ್ ಬಂದಿದೆ, ನೀನು ಉತ್ತರ ಕೊಡದೆ ಅಲ್ಲೇ ಇದ್ದುಬಿಡೋ ಯೋಚನೆಯಲ್ಲಿದ್ದೀಯ. "ಮಲ್ಯನನ್ನೇ ವಾಪಸ್ ತರೋಕಾಗ್ಲಿಲ್ಲ, ನಿನ್ನನ್ನ ಯಾರು ಕೇಳ್ತಾರೆ" ಅಂದನಂತೆ ನಿನ್ನ ಪಾರ್ಟ್ನರ್. ಆ ಪುಣ್ಯಾತ್ಮ ಮಲ್ಯ ಕೇಸನ್ನು ಪೂರ್ತಿ ಓದಿಲ್ಲ.

ಮಲ್ಯ ದೇಶ ಬಿಟ್ಟಿದ್ದು 2016ರ ಮಾರ್ಚ್ 2ಕ್ಕೆ. ಮುಂದಿನ ತಿಂಗಳೇ ಪಾಸ್‌ಪೋರ್ಟ್ ರದ್ದಾಯಿತು. 2017ರಲ್ಲಿ ಲಂಡನ್ ಪೊಲೀಸರು ಅರೆಸ್ಟ್ ಮಾಡಿದರು, ಅವತ್ತೇ ಜಾಮೀನು ಸಿಕ್ಕಿತು. ಆಮೇಲೆ ವರ್ಷಗಟ್ಟಲೆ ಕೋರ್ಟು. ವಾಪಸ್ ಬಂದರೆ ಇಡಬೇಕಿದ್ದ ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿಗೆ ಗಾಳಿ ಬೆಳಕು ಬರುತ್ತೆ ಅಂತ ನಮ್ಮವರು ವಿಡಿಯೋ ಮಾಡಿ ಅಲ್ಲಿನ ಜಡ್ಜ್‌ಗೆ ತೋರಿಸಬೇಕಾಯಿತು ನೋಡು! 2018ರ ಡಿಸೆಂಬರ್‌ನಲ್ಲಿ ಕಳಿಸಬಹುದು ಅಂತ ತೀರ್ಪು ಬಂತು, 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅಪೀಲನ್ನೂ ವಜಾ ಮಾಡಿತು. ಅದಾದ ಮೇಲೂ ಏನೋ ಗೋಪ್ಯ ಕಾನೂನು ತೊಡಕು ಅಂತ ಬ್ರಿಟನ್ ಕಳಿಸದೇ ಉಳಿಸಿಕೊಂಡಿತು, ನಿಜ. ಆದರೆ ಅಷ್ಟರಲ್ಲಿ ಇಲ್ಲಿನ ಆಸ್ತಿ ಜಪ್ತಿ ಆಗಿ ಮಾರಾಟ ಶುರುವಾಗಿತ್ತು, 2021ರಲ್ಲಿ ಲಂಡನ್ ಕೋರ್ಟೇ ಅವರನ್ನು ದಿವಾಳಿ ಅಂತ ಘೋಷಿಸಿತು. ಅಂಥ ವಕೀಲರನ್ನು ಇಟ್ಟುಕೊಳ್ಳೋ ತಾಕತ್ತು ನಿನಗಿದೆಯಾ?

ನೀನು ಗಮನ ಕೊಡಬೇಕಾದ್ದು ಬೇರೆ. ಸಾಲ ತೀರಿಸಲಿಲ್ಲ ಅನ್ನೋದೊಂದೇ ಕಾರಣಕ್ಕೆ ಯಾವ ದೇಶವೂ ಸುಮ್ನೆ ಹಿಡಿದು ಕೊಡೋದಿಲ್ಲ. ಆರೋಪ ಎರಡೂ ದೇಶದ ಕಾನೂನಿನಲ್ಲಿ ಅಪರಾಧ ಆಗಿರಬೇಕು. ಲಂಡನ್ ಜಡ್ಜ್‌ಗಳು ಹಿಡಿದುಕೊಂಡಿದ್ದು ಐಡಿಬಿಐ ಬ್ಯಾಂಕಿನ ಸಾಲ ಪಡೆಯುವಾಗ ಮಲ್ಯರ ವಿಮಾನ ಕಂಪನಿ ಕಿಂಗ್‌ಫಿಷರ್ ಆ ಬ್ಯಾಂಕಿಗೆ ಏನು ಹೇಳಿತ್ತು, ಅದರಲ್ಲಿ ಎಷ್ಟು ಸುಳ್ಳು ಅನ್ನೋದನ್ನು. ವ್ಯಾಪಾರ ಮುಳುಗಿದ್ದು ಒಂದು, ಮುಳುಗುತ್ತೆ ಅಂತ ಗೊತ್ತಿದ್ದೂ ಚೆನ್ನಾಗಿದೆ ಅಂತ ಬರೆದುಕೊಟ್ಟಿದ್ದು ಇನ್ನೊಂದು.

ಅದಕ್ಕೇ ಕೇಳ್ತಿದ್ದೀನಿ, ನಿಜ ಹೇಳು. ಪ್ರತಿ ತಿಂಗಳು ಬ್ಯಾಂಕಿಗೆ ಕೊಡ್ತಿದ್ದ ಸ್ಟಾಕ್ ಸ್ಟೇಟ್‌ಮೆಂಟ್‌ಗೆ, ಅಂದ್ರೆ ಮಾಲು ಮತ್ತು ಬರಬೇಕಾದ ಬಾಕಿಯ ಪಟ್ಟಿಗೆ, ಸಹಿ ಯಾರದ್ದು? ಬ್ಯಾಂಕಿನ ಲೋನ್ ಸೆಕ್ಷನ್‌ನಲ್ಲಿ ಕೂತು ಸವೆದವನು ನಾನು, ಆ ಹಾಳೆ ಹೇಗಿರುತ್ತೆ ಗೊತ್ತು. ಗೋಡೌನಿನಲ್ಲಿ ಇಲ್ಲದ ಮಾಲು ಅದರಲ್ಲಿ ಇರುತ್ತೆ, ಆರು ತಿಂಗಳಿಂದ ವಸೂಲಾಗದ ಬಾಕಿ ಹೊಸ ಬಿಲ್ಲಾಗಿ ಕೂತಿರುತ್ತೆ, ಕೆಳಗೆ ಸೀಲು, ಸಹಿ. ಪಾರ್ಟ್ನರ್ ಬರೆದು ನೀನು ಕಣ್ಣು ಮುಚ್ಚಿ ಸಹಿ ಹಾಕಿದ್ದರೆ ಅದನ್ನೂ ಹೇಳು.

ದುಬೈ ಸೇಫ್ ಅಂತೀಯಲ್ಲ, ಭಾರತಕ್ಕೂ ಯುಎಇಗೂ 1999ರಲ್ಲೇ ಆರೋಪಿಗಳ ಹಸ್ತಾಂತರ ಒಪ್ಪಂದ ಆಗಿದೆ. ಹೆಲಿಕಾಪ್ಟರ್ ಹಗರಣದ ಆರೋಪಿ, ಬ್ರಿಟಿಷ್ ಪ್ರಜೆ ಕ್ರಿಶ್ಚಿಯನ್ ಮಿಶೆಲ್‌ನನ್ನು 2018ರಲ್ಲಿ ದೆಹಲಿಗೆ ಕಳಿಸಿದ್ದು ಅದೇ ದುಬೈಯಿಂದ. ಅಲ್ಲಿ ಸಾಲ ಮಾಡಿ ಊರಿಗೆ ಓಡಿ ಬರೋ ಆಸೆಯೂ ಬೇಡ. 2020ರ ಜನವರಿಯಿಂದ ಯುಎಇ ಸಿವಿಲ್ ಕೋರ್ಟಿನ ಡಿಕ್ರಿಯನ್ನು ನಮ್ಮ ಜಿಲ್ಲಾ ಕೋರ್ಟಿನಲ್ಲೇ ಜಾರಿ ಮಾಡಿಸಬಹುದು. ಮಲ್ಯಗೆ ಲಂಡನ್‌ನಲ್ಲಿ ವಾಸದ ಹಕ್ಕಿತ್ತು. ನಿನ್ನ ವೀಸಾ ನಿಂತಿರೋದು ಪಾಸ್‌ಪೋರ್ಟ್ ಮೇಲೆ, ಅದು ರದ್ದಾದರೆ ಎಲ್ಲಿಗೆ ಹೋಗ್ತೀಯ?

ಈಗಿನ್ನೂ ಇದು ಬರೀ ನೋಟಿಸ್. ಸರ್ಫೇಸಿ ನೋಟಿಸ್ (ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಳ್ಳೋ ಕಾನೂನಿನದು) ಆಗಿದ್ದರೆ 60 ದಿನ ಟೈಮ್ ಇದೆ. ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರ ಕೊಡಲೇಬೇಕು, ಒನ್ ಟೈಮ್ ಸೆಟ್ಲ್‌ಮೆಂಟ್, ಅಂದ್ರೆ ಒಪ್ಪಿದ ಮೊತ್ತ ಕಟ್ಟಿ ಸಾಲ ಮುಗಿಸೋ ಮಾತೂ ಆಡಬಹುದು. ಬರೋಕೆ ಆಗದಿದ್ದರೆ ಕಾನ್ಸುಲೇಟ್‌ಗೆ ಹೋಗಿ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸು. ಪಾರ್ಟ್ನರ್ ಜೊತೆ ಇನ್ನು ಮಾತೇನಿದ್ದರೂ ಈಮೇಲ್‌ನಲ್ಲಿ ಇರಲಿ. ನೋಟಿಸಿನ ಎಲ್ಲಾ ಪುಟದ ಫೋಟೋ ಇವತ್ತೇ ವಾಟ್ಸಾಪ್ ಮಾಡು, ಕವರಿನ ಮೇಲಿನ ತಾರೀಕು ಕಾಣೋ ಹಾಗೆ.

ನಿನ್ನ ಮಾವ